ಮನೆಗೆ ಕರೆದೊಯ್ಯುವವರು ಯಾರು?

2021ರ ನವೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಜೋ ಬೈಡನ್ ತಮ್ಮ ಅಧಿಕಾರವನ್ನು 85 ನಿಮಿಷಗಳ ಮಟ್ಟಿಗೆ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ವಹಿಸಿಕೊಟ್ಟರು. ಈ ದೇಶದ ಚರಿತ್ರೆಯಲ್ಲಿ ಹೆಣ್ಣೊಬ್ಬಳು ಅಧ್ಯಕ್ಷೀಯ ಅಧಿಕಾರ ನಡೆಸಿದ್ದು ಅದೇ ಮೊದಲು. ಅದಕ್ಕೆ ಕಾರಣವಾದದ್ದು ಕೊಲೊನೋಸ್ಕೋಪಿ. ಅರಿವಳಿಕೆ ಪಡೆದು ಮಲಗಿದ ಅಧ್ಯಕ್ಷರ ದೊಡ್ಡ ಕರುಳಿನಲ್ಲಿ 3 ಮಿಲಿಮೀಟರಿನ ಒಂದು ಗಂಟು ಸಿಕ್ಕಿತು. ಮುಂದೆಂದೋ ಕ್ಯಾನ್ಸರಾಗಬಹುದಾದ ಜಾತಿಯದು. ವೈದ್ಯರು ಅದನ್ನು ತೆಗೆದುಹಾಕಿದರು, ಅಧ್ಯಕ್ಷರು ಎದ್ದು ಕೆಲಸಕ್ಕೆ ಮರಳಿದರು. ಅಂದು ಅಧಿಕಾರ ವಹಿಸಿಕೊಂಡ ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ 2009ರಲ್ಲಿ ತೀರಿಕೊಂಡದ್ದು ಇದೇ ದೊಡ್ಡ ಕರುಳಿನ ಕ್ಯಾನ್ಸರಿನಿಂದ. ಭಾರತದಿಂದ ಒಂಟಿಯಾಗಿ ಬಂದ ಆ ತಾಯಿ ವೃತ್ತಿಯಿಂದ ಸ್ವತಃ ಕ್ಯಾನ್ಸರ್ ಸಂಶೋಧಕಿ.

ದೇಶದ ಅಧ್ಯಕ್ಷರು ಮಂಪರಿಗೆ ಜಾರುವ ಮುನ್ನ ಅಧಿಕಾರ ವಹಿಸಿಕೊಡಲು ಸಂವಿಧಾನವೇ ಒಬ್ಬರನ್ನು ನೇಮಿಸಿಟ್ಟಿದೆ. ನನಗೆ ಬೇಕಾಗಿದ್ದದ್ದು ಕಾರು ಓಡಿಸಲು ಒಬ್ಬರು. ಅವರು ಸಿಗಲಿಲ್ಲ.

ನಡೆದದ್ದು ಇಷ್ಟು. ಮೂರು ದಿನ ಪಥ್ಯ ಮಾಡಿ, ಹಿಂದಿನ ಸಂಜೆ ಎರಡು ಲೀಟರು, ಬೆಳಗಿನ ಜಾವ ಎದ್ದು ಇನ್ನೆರಡು ಲೀಟರು ಉಪ್ಪುಪ್ಪಾದ ಭೇದಿಯ ಔಷಧ ಕುಡಿದು, ಖಾಲಿ ಚೀಲದಂತಾದ ದೇಹವನ್ನು ಹೊತ್ತು ಒಂದು ತಪಾಸಣಾ ಕೇಂದ್ರಕ್ಕೆ ಹೋದೆ. ಮನೆಗೆ ಕರೆದೊಯ್ಯಲು ಒಪ್ಪಿದ್ದ ಗೆಳತಿಯ ಮಗುವಿಗೆ ಆ ಬೆಳಿಗ್ಗೆಯೇ ಜ್ವರ ಬಂತು. ಟ್ಯಾಕ್ಸಿಯಲ್ಲಿ ಹೋಗುತ್ತೇನೆ ಎಂದೆ. ಪರಿಚಿತರೊಬ್ಬರು ಜೊತೆಗಿರದೆ ಬಿಡುವುದಿಲ್ಲ ಎಂದರು. ಹಾಗಾದರೆ ಮಂಪರೇ ಬೇಡ, ಎಚ್ಚರವಿದ್ದಂತೆಯೇ ಮಾಡಿಬಿಡಿ ಎಂದೆ. ಮೇಜಿನಾಚೆಯ ಯುವತಿ ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು, ಗಾಬರಿಯೂ ಇತ್ತು. 'ಇಲ್ಲಿ ಹಾಗೆ ಮಾಡುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿಯಿತು. ಮುಂದಿನ ದಿನಾಂಕ ಮೂರು ತಿಂಗಳ ಆಚೆಗೆ.

ಸಂಗಾತಿ ಬೇಕೆಂಬ ನಿಯಮವನ್ನು ನಾನು ದೂರುವುದಿಲ್ಲ. ಅದರ ಹಿಂದೆ ಕಾರಣವಿದೆ. ಅಮೆರಿಕದಲ್ಲಿ ಈಗ ಹೆಚ್ಚಾಗಿ ಕೊಡುವುದು ಪ್ರೊಪೊಫಾಲ್, ಹಾಲಿನಂತೆ ಬೆಳ್ಳಗಿರುವ ಔಷಧ. ರಕ್ತನಾಳಕ್ಕೆ ಬಿಟ್ಟ ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಎಚ್ಚರ, ನಡುವಿನದೇನೂ ನೆನಪಿಲ್ಲ. ಉಸಿರಾಟವನ್ನು ಕುಗ್ಗಿಸಬಲ್ಲ, ಪ್ರತಿಮದ್ದಿಲ್ಲದ ಔಷಧವಾದ್ದರಿಂದ ಪಕ್ಕದಲ್ಲಿ ಅದನ್ನೇ ಕಾಯುವ ಪರಿಣತರು ಇರಬೇಕು. ಹಳೆಯ ಕ್ರಮದಲ್ಲಿ ಮಿಡಜೋಲಾಮ್ ಮತ್ತು ಫೆಂಟನಿಲ್ ಎಂಬ ಎರಡು ಔಷಧಗಳನ್ನು ಕೂಡಿಸಿ ಕೊಡುತ್ತಾರೆ. ರೋಗಿ ಅರೆಎಚ್ಚರದಲ್ಲಿದ್ದು ಕರೆದರೆ ಓಗೊಡುತ್ತಾರೆ. ಇವೆರಡಕ್ಕೂ ಪ್ರತಿಮದ್ದುಗಳಿವೆ. ಯಾವುದನ್ನೇ ಪಡೆದರೂ ಆ ದಿನ ಕಾರು ಓಡಿಸುವಂತಿಲ್ಲ, ಕಾಗದಪತ್ರಕ್ಕೆ ಸಹಿ ಹಾಕುವಂತಿಲ್ಲ. ಇದೆಲ್ಲ ಸರಿಯೇ. ನನ್ನ ತಕರಾರು ಮೂರನೆಯ ಆಯ್ಕೆಯೊಂದಿದೆ ಎಂಬುದನ್ನೇ ಹೇಳದಿರುವುದರ ಬಗ್ಗೆ. ಮಂಪರಿಲ್ಲದೆಯೂ ಈ ಪರೀಕ್ಷೆ ಮಾಡಬಹುದು, ಜಗತ್ತಿನ ಹಲವೆಡೆ ಮಾಡುತ್ತಾರೆ. ನಾರ್ವೆಯಲ್ಲಿ ಇದು ಸಾಮಾನ್ಯ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಪರು, ಹೆರಿಗೆ ಕೋಣೆಯಲ್ಲಿ ಕೊಡುವಂಥ ಉಸಿರಿನ ಅನಿಲ, ಏನೂ ಇಲ್ಲದಿರುವುದು, ಈ ಮೂರನ್ನೂ ಮುಂದಿಟ್ಟು ಕೇಳುವ ರೂಢಿಯಿದೆ. ಅನಿಲದ ಅಮಲು ಬೇಗ ಇಳಿಯುತ್ತದೆ. ಸ್ವಲ್ಪ ಹೊತ್ತು ಕುಳಿತಿದ್ದು ಒಬ್ಬರೇ ಮನೆಗೆ ಹೋಗಬಹುದು.

ಇಲ್ಲಿ ಏಕೆ ಕೇಳುವುದಿಲ್ಲ? 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗಾಗಿ ಎಲಿಸಬೆತ್ ರೋಸೆಂತಾಲ್ ಅಮೆರಿಕದ ವೈದ್ಯಕೀಯ ವೆಚ್ಚದ ಬಗ್ಗೆ ಬರೆದ ಸರಣಿಯ ಮೊದಲ ಲೇಖನಕ್ಕೆ ಆರಿಸಿಕೊಂಡ ಉದಾಹರಣೆ ಹೃದಯದ ಶಸ್ತ್ರಚಿಕಿತ್ಸೆಯಲ್ಲ, ಇದೇ ಕೊಲೊನೋಸ್ಕೋಪಿ. ಬೇರೆ ದೇಶಗಳಲ್ಲಿ ಸಾಧಾರಣ ವೆಚ್ಚದಲ್ಲಿ ಮುಗಿಯುವ ಪರೀಕ್ಷೆ ಇಲ್ಲಿ ಹಲವು ಪಟ್ಟು ದುಬಾರಿಯಾದ ಕಥೆಯಲ್ಲಿ ಅರಿವಳಿಕೆ ತಜ್ಞರ ಪ್ರತ್ಯೇಕ ಬಿಲ್ಲಿಗೂ ಒಂದು ಪಾತ್ರವಿತ್ತು. ನಿದ್ದೆ ಹೋದ ರೋಗಿ ಮುಲುಗುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಒಬ್ಬರಾದ ಮೇಲೊಬ್ಬರನ್ನು ಒಳಗೆ ಕರೆಯಲು ಅದು ಅನುಕೂಲ. ವೈದ್ಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ರೋಗಿಯ ಸುಖ ಮತ್ತು ಕೇಂದ್ರದ ಅನುಕೂಲ ಇಲ್ಲಿ ಒಂದಾಗಿವೆ ಎಂದಷ್ಟೇ ಹೇಳುತ್ತಿದ್ದೇನೆ. ಹೀಗೆ ಒಂದಾದ ಕಡೆಯಲ್ಲೆಲ್ಲ 'ಆಯ್ಕೆ' ಎಂಬ ಪದ ಮೆಲ್ಲಗೆ ಕಣ್ಮರೆಯಾಗುತ್ತದೆ.

'ವಿಮೆ ಕೊಡುತ್ತದಲ್ಲ, ನಿನಗೇನು ಕಷ್ಟ?' ಎಂದು ಸ್ನೇಹಿತರೊಬ್ಬರು ಕೇಳಿದರು. ಕೊಡುತ್ತದೆ, ನಿಜ. 2010ರ ಆರೋಗ್ಯ ಕಾಯ್ದೆಯ ಬಲದಿಂದ ಮುನ್ನೆಚ್ಚರಿಕೆಯ ತಪಾಸಣೆಗೆ ನಾವು ಕೈಯಿಂದ ಹಣ ಹಾಕಬೇಕಿಲ್ಲ. ಅರಿವಳಿಕೆಯ ವೆಚ್ಚವೂ ಅದರಲ್ಲೇ ಸೇರಿದೆ ಎಂದು 2015ರಲ್ಲಿ ಒಕ್ಕೂಟ ಸರ್ಕಾರ ಸ್ಪಷ್ಟಪಡಿಸಿತು. ಆದರೆ ಅದೇ ಪರೀಕ್ಷೆಯನ್ನು ರಕ್ತ ಕಂಡಿತೆಂದೋ ಹೊಟ್ಟೆನೋವೆಂದೋ ಮಾಡಿಸಿದರೆ ಅದು ಮುನ್ನೆಚ್ಚರಿಕೆಯ ತಪಾಸಣೆಯಾಗಿ ಉಳಿಯುವುದಿಲ್ಲ, ರೋಗನಿದಾನವಾಗುತ್ತದೆ. ಬಿಲ್ಲು ಮನೆಗೆ ಬರುತ್ತದೆ. ಇನ್ನು ವಿಮೆ ಯಾರಿಗಿದೆ, ಯಾರಿಗಿಲ್ಲ ಎಂಬುದನ್ನು ಆರು ತಿಂಗಳಿಗೆಂದು ಬರುವ ಅಪ್ಪ-ಅಮ್ಮಂದಿರ ಪ್ರವಾಸಿ ವಿಮೆಯ ಸಣ್ಣ ಅಕ್ಷರಗಳನ್ನು ಓದಿದವರು ಬಲ್ಲರು.

ಹಣಕ್ಕಿಂತ ದೊಡ್ಡ ಕೊರತೆ ಮನುಷ್ಯರದ್ದು. ವಲಸೆ ಎಂದರೆ ಬಂಧುಬಳಗವನ್ನು ವಿಮಾನದ ಆಚೆ ಬದಿಯಲ್ಲಿ ಬಿಟ್ಟು ಬರುವುದು. ಊರಿನಲ್ಲಾಗಿದ್ದರೆ ಅತ್ತಿಗೆಯೋ ಪಕ್ಕದ ಮನೆಯ ಹುಡುಗನೋ ಬೈಕಿನಲ್ಲಿ ಬಂದು ನಿಲ್ಲುತ್ತಿದ್ದರು. ಇಲ್ಲಿ ವಾರದ ದಿನ ಅರ್ಧ ಹೊತ್ತು ರಜೆ ಹಾಕಿ ಬರುವವರು ಯಾರು? ಸಂಬಳಸಹಿತ ಅನಾರೋಗ್ಯ ರಜೆಯನ್ನು ಎಲ್ಲರಿಗೂ ಖಾತರಿಪಡಿಸುವ ಒಕ್ಕೂಟ ಕಾನೂನೇ ಈ ದೇಶದಲ್ಲಿಲ್ಲ. ವಿಚ್ಛೇದಿತರು, ವಿಧವೆಯರು, ಮದುವೆಯಾಗದವರು, ತಾವು ಸಲಿಂಗಿಗಳೆಂದು ಹೇಳಿಕೊಂಡ ಮೇಲೆ ಬಳಗದವರು ದೂರಮಾಡಿದವರು, ಇವರೆಲ್ಲ ಆ ಮೇಜಿನ ಮುಂದೆ ನಿಂತು 'ನನ್ನವರು ಯಾರೂ ಇಲ್ಲ' ಎಂದು ಹೇಳಬೇಕು. ಹಾಗೆ ಹೇಳಲಾರದೆ ಪರೀಕ್ಷೆಯನ್ನೇ ಬಿಟ್ಟವರು ನನಗೆ ಗೊತ್ತು. 2021ರಿಂದ ಅಮೆರಿಕದಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದ್ದಾರೆ. ಕಿರಿಯರಲ್ಲೂ ಈ ಕ್ಯಾನ್ಸರ್ ಹೆಚ್ಚುತ್ತಿರುವುದೇ ಕಾರಣ. ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದರಿಂದ ತೀರಿಕೊಂಡಾಗ ಅವರಿಗೆ 43. ಗಂಟೊಂದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಹಾಗಾಗಿ ಇದು ಬರುವ ಮುನ್ನವೇ ತಡೆಯಬಲ್ಲ ಕೆಲವೇ ಕ್ಯಾನ್ಸರುಗಳಲ್ಲೊಂದು. ಕಾರು ಓಡಿಸುವವರಿಲ್ಲ ಎಂಬ ಕಾರಣಕ್ಕೆ ಆ ಹತ್ತು ವರ್ಷ ಕಳೆದುಹೋಗುವುದು ನನಗೆ ವೈದ್ಯಕೀಯ ಸಂಗತಿಯಾಗಿ ಕಾಣುವುದಿಲ್ಲ.

ಇನ್ನು ಸಿದ್ಧತೆಯ ವಿಚಾರ. ಕೇಂದ್ರದವರು ಕೊಡುವ ಹಾಳೆಯನ್ನು ಯಾರ ಅಡುಗೆಮನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದಾರೆ ಎಂಬುದು ಓದಿದೊಡನೆ ತಿಳಿಯುತ್ತದೆ. ಬಿಳಿ ಬ್ರೆಡ್ಡು, ಕೋಳಿಯ ತಿಳಿಸಾರು, ಜೆಲ್ಲೊ. ಸಸ್ಯಾಹಾರಿಗಳಿಗೆ ಜೆಲ್ಲೊ ಪ್ರಾಣಿಯ ಮೂಳೆ-ಚರ್ಮದ ಸಾರವೆಂದು ಅದು ಹೇಳುವುದಿಲ್ಲ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆಕಾಳು ಮೂರ್ನಾಲ್ಕು ದಿನ ಬೇಡವೆಂದೂ ಹೇಳುವುದಿಲ್ಲ. ಒಗ್ಗರಣೆಯ ಸಾಸಿವೆ, ಸೀಬೆ ಮತ್ತು ಟೊಮೆಟೊ ಬೀಜ, ಎಳ್ಳು ಇವೆಲ್ಲ ಕರುಳಿನ ಮಡಿಕೆಯಲ್ಲಿ ಉಳಿದು ಕ್ಯಾಮೆರಾಕ್ಕೆ ಅಡ್ಡಬರಬಲ್ಲವು. ಒಗ್ಗರಣೆಯಿಲ್ಲದ ಮೊಸರನ್ನ ನನ್ನನ್ನು ಕಾಪಾಡಿತು. ಹಿಂದಿನ ದಿನ ತಿಳಿದ್ರವ ಮಾತ್ರ: ಹಾಲಿಲ್ಲದ ಚಹಾ, ಸೋಸಿದ ತರಕಾರಿ ರಸ, ಸೇಬಿನ ರಸ, ಎಳನೀರು. ಕರಾವಳಿಯವರು ಪುನರ್ಪುಳಿ ಪಾನಕ ಮುಟ್ಟಬಾರದು. ಆ ಕೆಂಪು ಒಳಗೆ ರಕ್ತದಂತೆ ಕಂಡೀತು. ಕಬ್ಬಿಣದ ಮಾತ್ರೆಯನ್ನು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ನಮ್ಮಲ್ಲಿ ಮನೆಗೊಬ್ಬರಂತೆ ಇರುವ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಮತ್ತು ಮಾತ್ರೆಗಳ ಬಗ್ಗೆ ಮೊದಲೇ ವೈದ್ಯರನ್ನು ಕೇಳದೆ ಉಪವಾಸ ಕೂರಬಾರದು. ಔಷಧವನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಪರೀಕ್ಷೆಗೆ ನಾಲ್ಕಾರು ಗಂಟೆ ಮೊದಲು ಶುರುಮಾಡುವುದು ನಿದ್ದೆಗೇಡಾದರೂ ಉತ್ತಮ. ಕರುಳು ಶುಚಿಯಾಗದಿದ್ದರೆ ಸಣ್ಣ ಗಂಟುಗಳು ತಪ್ಪಿಹೋಗುತ್ತವೆ. ಹೊರಬರುವುದು ತಿಳಿಹಳದಿ ನೀರಿನಂತಾದರೆ ಸಿದ್ಧತೆ ಮುಗಿಯಿತು. ಆ ರಾತ್ರಿ ಹತ್ತನೆಯ ಬಾರಿಗೆ ಎದ್ದಾಗ ಅಮೆರಿಕದ ಕಾಗದ ಸೋತು ಊರಿನ ಚೊಂಬು ಗೆದ್ದಿತು ಎಂಬುದನ್ನೂ ದಾಖಲಿಸುತ್ತೇನೆ.

ನನಗೊಂದು ಸ್ವಂತ ಶೌಚಾಲಯವಿತ್ತು. ಕೊಲ್ಲಿಯ ಕಾರ್ಮಿಕ ಶಿಬಿರದಲ್ಲಿ ಹತ್ತಾರು ಜನರ ನಡುವೆ ಒಂದೆರಡು ಶೌಚಾಲಯ ಹಂಚಿಕೊಂಡು ಬದುಕುವ ನಮ್ಮವನೊಬ್ಬ ಈ ರಾತ್ರಿಯನ್ನು ಹೇಗೆ ಕಳೆದಾನು? ಎದ್ದೆದ್ದು ಹೋಗುವ ಅವನಿಗೆ ಸರದಿ ಬಿಟ್ಟುಕೊಡುವವರು ಯಾರು? ತಪಾಸಣೆಯ ಕರಪತ್ರಗಳಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ.

ಇಂಥದ್ದನ್ನೆಲ್ಲ ಬರೆಯಬೇಕೆ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಬ್ರಿಟನ್ನಿನಲ್ಲಿ ಮನೆಗೇ ಅಂಚೆಯಲ್ಲಿ ಬರುವ ಮಲಪರೀಕ್ಷೆಯ ಪೊಟ್ಟಣವನ್ನು ತುಂಬಿ ಕಳಿಸುವವರಲ್ಲಿ ದಕ್ಷಿಣ ಏಷ್ಯಾದವರ ಪ್ರಮಾಣ ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಭಾಷೆ, ಬಡತನ, ಭಯ, ಹಲವು ಕಾರಣಗಳಿರಬಹುದು. ಆದರೆ ಒಂದು ಕಾರಣವನ್ನು ನಾವೇ ಹೇಳಿಕೊಳ್ಳಬೇಕು. ಮಲವನ್ನು ಮುಟ್ಟುವುದು ಬೇರೆ ಯಾರದೋ ಕೆಲಸ ಎಂದು ಸಾವಿರಾರು ವರ್ಷ ಕಲಿಸಿದ ಸಮಾಜದಿಂದ ಬಂದವರು ನಾವು. ದೇವರಾಜ ಅರಸು ಸಂಪುಟದ ಸಚಿವರಾಗಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ದಶಕಗಳ ನಂತರ, 2010ರಲ್ಲಿ, ಸವಣೂರಿನ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಆ ಚಿತ್ರ ನೋಡಿ ಮುಖ ತಿರುಗಿಸಿದ ಅದೇ ಮಡಿವಂತಿಕೆ ಇಂದು ಪ್ರಗತಿಪರನ ಸ್ನಾನಗೃಹದಲ್ಲಿ ಒಂದು ಕಡ್ಡಿಯಿಂದ ತನ್ನದೇ ಮಲದ ಮಾದರಿ ತೆಗೆಯಲು ಹಿಂಜರಿಯುತ್ತದೆ. 'ನನಗೇನೂ ತಿಳಿಯದ ಹಾಗೆ ಮಲಗಿಸಿಬಿಡಿ' ಎಂಬ ಕೋರಿಕೆಯಲ್ಲಿ ನೋವಿನ ಭಯ ಎಷ್ಟು, ತನ್ನ ದೇಹದ ಆ ಭಾಗದೊಂದಿಗೆ ಎಚ್ಚರದಲ್ಲಿರಲಾರದ ಅಸಹ್ಯ ಎಷ್ಟು ಎಂದು ನನ್ನನ್ನೇ ಕೇಳಿಕೊಂಡಾಗ ಉತ್ತರ ಹಿತವಾಗಿರಲಿಲ್ಲ.

ಕೊನೆಗೆ ಮಂಪರಿಲ್ಲದೆ ಮಾಡಲು ಒಪ್ಪುವ ವೈದ್ಯೆಯೊಬ್ಬರು ಸಿಕ್ಕರು. ಗಾಳಿಯ ಬದಲು ನೀರು ಬಿಟ್ಟು ನಿಧಾನವಾಗಿ ಒಳಹೋದರು. ಕರುಳು ತಿರುಗುವ ಎರಡು ಕಡೆ ಜೋರಾದ ಹಿಡಿತ, ಮುಟ್ಟಿನ ನೋವಿನಂಥದ್ದು, ಕೆಲವು ನಿಮಿಷ. ನಿಲ್ಲಿಸಿ ಎಂದಾಗ ನಿಲ್ಲಿಸಿದರು, ಮಗ್ಗುಲು ಬದಲಿಸಿದರು. ತೆರೆಯ ಮೇಲೆ ನಸುಗೆಂಪು ಸುರಂಗವೊಂದು ಮಿನುಗುತ್ತಿತ್ತು. ಗಂಟೊಂದು ಕಂಡಿತು. ಅದನ್ನು ಕುಣಿಕೆಯಲ್ಲಿ ಕತ್ತರಿಸಿದಾಗ ಏನೂ ಅನ್ನಿಸಲಿಲ್ಲ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲವಂತೆ. ಬಟ್ಟೆ ಹಾಕಿಕೊಂಡು ಒಬ್ಬಳೇ ಬಸ್ಸು ಹತ್ತಿ ಮನೆಗೆ ಬಂದೆ.

ಇದನ್ನು ಓದಿ ಯಾರೂ ಇದನ್ನೊಂದು ಶೌರ್ಯದ ಪರೀಕ್ಷೆ ಮಾಡಿಕೊಳ್ಳಬಾರದು. ನೋವು ನುಂಗುವುದನ್ನು ಹೆಣ್ಣಿನ ಗುಣವೆಂದು ಹೊಗಳುವ ಪರಂಪರೆ ನನಗೆ ಬೇಕಿಲ್ಲ. ಗರ್ಭಕೋಶ ತೆಗೆಸಿಕೊಂಡವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಕರುಳು ಅಂಟಿಕೊಂಡು ನೋವು ಹೆಚ್ಚಿರಬಹುದು. ಲೈಂಗಿಕ ಹಿಂಸೆಯನ್ನು ದಾಟಿ ಬಂದವರಿಗೆ ಎಚ್ಚರವೇ ಹಿಂಸೆಯಾದೀತು. ಅವರಿಗೆ ಮಂಪರು ಕೊಡದಿರುವುದು ಅಷ್ಟೇ ದೊಡ್ಡ ಅನ್ಯಾಯ. ಮಂಪರು ಬೇಕೆಂದವರಿಗೆ ಮನೆಗೆ ಕರೆದೊಯ್ಯುವವರನ್ನೂ, ಬೇಡವೆಂದವರಿಗೆ ಮಂಪರಿಲ್ಲದ ಪರೀಕ್ಷೆಯನ್ನೂ ಒದಗಿಸಬೇಕೆಂಬುದು ಬೇಡಿಕೆ. ಎರಡೂ ಆಗದವರಿಗೆ ವರ್ಷಕ್ಕೊಮ್ಮೆ ಮನೆಯಲ್ಲೇ ಮಾಡುವ ಮಲಪರೀಕ್ಷೆಯಿದೆ ಎಂದು ಮೊದಲ ಭೇಟಿಯಲ್ಲೇ ಹೇಳಬೇಕು. ಅದರಲ್ಲಿ ರಕ್ತದ ಕುರುಹು ಸಿಕ್ಕರೆ ಮಾತ್ರ ಕೊಲೊನೋಸ್ಕೋಪಿಯನ್ನು ತಪ್ಪಿಸುವಂತಿಲ್ಲ. ಕನ್ನಡವಷ್ಟೇ ಬಲ್ಲ ಅಮ್ಮನಿಗೆ ಸಮ್ಮತಿಪತ್ರವನ್ನು ವಿವರಿಸಲು ಒಕ್ಕೂಟದ ಅನುದಾನ ಪಡೆಯುವ ಆಸ್ಪತ್ರೆ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂದು ಕಾನೂನೇ ಹೇಳುತ್ತದೆ. ಕೇಳದಿದ್ದರೆ ಹದಿಹರೆಯದ ಮೊಮ್ಮಗಳ ಬಾಯಲ್ಲೇ ಅಜ್ಜಿಯ ಗುದದ ಮಾತು ಆಡಿಸುತ್ತಾರೆ.

ನಮ್ಮ ಕನ್ನಡ ಕೂಟಗಳು ರಾಜ್ಯೋತ್ಸವಕ್ಕೆ ಸಿನಿಮಾ ನಟರನ್ನು ವಿಮಾನದಲ್ಲಿ ಕರೆಸುತ್ತವೆ, ವಿಮಾನ ನಿಲ್ದಾಣದಿಂದ ಅವರನ್ನು ಕರೆತರಲು ಕಾರುಗಳ ಸಾಲು ನಿಲ್ಲುತ್ತದೆ. ನಮ್ಮ ಊರಿನ ಕೂಟದ ಸಭೆಯಲ್ಲಿ ನಾನೊಂದು ಹಾಳೆ ಹಿಡಿದು ಹೋಗಿದ್ದೆ: ತಪಾಸಣೆಗೆ ಹೋದವರನ್ನು ಮನೆಗೆ ಕರೆತರಲು ತಿಂಗಳಿಗೆ ಒಂದು ಅರ್ಧ ದಿನ ಕೊಡುವವರು ಹೆಸರು ಬರೆಯಿರಿ. ಊಟದ ಗುತ್ತಿಗೆ, ವೇದಿಕೆಯ ಬಾಡಿಗೆ ಎಲ್ಲ ಮುಗಿದ ಮೇಲೆ 'ಇತರೆ' ಎಂಬಲ್ಲಿ ಅವಕಾಶ ಸಿಕ್ಕಿತು. ಕೆಲವರು ನಕ್ಕರು, ಒಬ್ಬರು ಕಾನೂನಿನ ತೊಡಕಿದೆ ಎಂದರು. ಹಾಳೆ ಮರಳಿ ಬಂದಾಗ ಅದರಲ್ಲಿ ನಾಲ್ಕು ಹೆಸರುಗಳಿದ್ದವು. ಮೂವರು ಹೆಂಗಸರು, ಮತ್ತೆ ಕಳೆದ ವರ್ಷವಷ್ಟೇ ಹೆಂಡತಿಯನ್ನು ಇದೇ ಕಾಯಿಲೆಗೆ ಕಳೆದುಕೊಂಡ ಒಬ್ಬ ಗಂಡಸು. ಮುಂದಿನ ಮಂಗಳವಾರ ಅವರಲ್ಲೊಬ್ಬರು ನಿವೃತ್ತ ಶಿಕ್ಷಕಿಯೊಬ್ಬರನ್ನು ಕರೆತರಲು ಹೋಗುತ್ತಿದ್ದಾರೆ.