ಪಾಲಿಶ್ ಬೇಡ ಅಪ್ಪಾ!

ಅಪ್ಪನ ಹಳೇ ಪದ್ಮಿನಿಗೆ ಆಸೆಪಟ್ಟು ಸ್ಯಾಟಿನ್ ಬೂದು ಬಣ್ಣ ಹೊಡೆಸಿದ್ದೆ. ಮೂರೇ ತಿಂಗಳು. ಬಾನೆಟ್ ಮೇಲೆ ಕಾಗೆ ಹಿಕ್ಕೆ ಹಾಕಿತ್ತು. ಅಪ್ಪ ಎಂದಿನಂತೆ ಪಾಲಿಶ್ ಹಾಕಿ ಚೆನ್ನಾಗಿ ಉಜ್ಜಿದರು. ಕಲೆ ಹೋಯ್ತು, ಅಷ್ಟು ಜಾಗ ಮಾತ್ರ ಕನ್ನಡಿ ಥರ ಹೊಳೆಯತೊಡಗಿತು. ನಾನು ರೇಗಿಬಿಟ್ಟೆ.

ಪೇಂಟರ್ ಹತ್ತಿರ ಹೋದಾಗಲೇ ಅರ್ಥವಾಗಿದ್ದು. ಸ್ಯಾಟಿನ್ ಇರೋದು ಮೇಲಿನ ಕ್ಲಿಯರ್ ಕೋಟ್‌ನಲ್ಲಿ. ಅದರಲ್ಲಿರುವ ಸಿಲಿಕಾ ಪುಡಿ ಮೇಲ್ಮೈಯನ್ನು ತುಸು ಒರಟಾಗಿಸಿ ಬೆಳಕನ್ನು ಚದುರಿಸುತ್ತೆ. ಉಜ್ಜಿದರೆ ಆ ಒರಟೇ ಸವೆದುಹೋಗುತ್ತೆ. ಪ್ಯಾಚ್ ಹಾಕೋಕೆ ಇದೇನು ಸಾಫ್ಟ್‌ವೇರಾ? ಇಡೀ ಬಾನೆಟ್‌ಗೇ ಮತ್ತೆ ಹೊಡೀಬೇಕು.

ಈ ಸಲ ಜೊತೆಗೇ ನಿಂತು ನೋಡಿದೆ. ಮೊದಲು ವಾಟರ್ ಪೇಪರ್‌ನಲ್ಲಿ ಪೂರ್ತಿ ಉಜ್ಜಿದರು. ಮಾಮೂಲಿ ಪೇಂಟ್‌ನಲ್ಲಿ ಧೂಳು ಕೂತರೆ ಆಮೇಲೆ ಪಾಲಿಶ್ ಮಾಡಿ ತೆಗೀಬಹುದು, ಇದರಲ್ಲಿ ಆಗಲ್ಲ. ಹಾಗಾಗಿ ತಯಾರಿಗೇ ಅರ್ಧ ದಿನ. ಪುಡಿ ತಳಕ್ಕೆ ಕೂರುತ್ತೆ ಅಂತ ಡಬ್ಬಿಯನ್ನು ಚೆನ್ನಾಗಿ ಕಲಕಿದರು. ಹಾರ್ಡನರ್ ಕಣ್ಣಳತೆಯಲ್ಲಿ ಅಲ್ಲ, ಡಬ್ಬಿ ಮೇಲಿನ ಲೆಕ್ಕದಲ್ಲೇ. ಮೊದಲ ಕೋಟಿನ ಹಸಿ ಹೊಳಪು ಆರಿದ ಮೇಲೆಯೇ ಎರಡನೆಯದು. ಅವಸರ ಮಾಡಿದರೆ ಹೊಳಪು ಒಂದೊಂದು ಕಡೆ ಒಂದೊಂದು ಥರ.

ಬಣ್ಣ ಬಾಳೋದು ಆಮೇಲೆ ನಮ್ಮ ಕೈಯಲ್ಲಿ. ವ್ಯಾಕ್ಸ್ ಬೇಡ, ಬ್ರಷ್ ಇರುವ ಕಾರ್ ವಾಶ್ ಬೇಡ. ಹಿಕ್ಕೆ ಬಿದ್ದರೆ ಕೂಡಲೇ ನೀರಲ್ಲಿ ನೆನೆಸಿ, ಮೆತ್ತಗೆ ಒರೆಸಿ.

ಇದನ್ನೆಲ್ಲ ಅಪ್ಪನಿಗೆ ಮೊದಲೇ ಹೇಳಬೇಕಿದ್ದವನು ನಾನು. ಈಗ ಭಾನುವಾರ ಬೆಳಿಗ್ಗೆ ಪಾಲಿಶ್ ಡಬ್ಬಿ ಒಳಗೇ ಇರುತ್ತೆ. ಒದ್ದೆ ಬಟ್ಟೆ ಹಿಡಿದು ಇಬ್ಬರೂ ಗಾಡಿ ಒರೆಸುತ್ತೇವೆ.