ಹತ್ತು ಸೆಂಟಿಗೆ ಒಂದು ಮುಖ

ಮೊನ್ನೆ ಒಂದು ಸ್ಟಾಕ್ ಫೋಟೋ ಸೈಟಿಗೆ ಹನ್ನೆರಡು ಚಿತ್ರ ಅಪ್‌ಲೋಡ್ ಮಾಡಿದ್ದೆ. ಹೂವು, ಮಳೆ, ತೆಂಗಿನ ಗರಿ.. ಎಲ್ಲಾ ಪಾಸು. ನನಗೆ ಬಹಳ ಇಷ್ಟವಾಗಿದ್ದ ಒಂದು ಮಾತ್ರ ತಿರಸ್ಕೃತ! ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಜ್ಜಿಯ ನಗು ಅದು. ಕಾರಣ, ಮಾಡೆಲ್ ರಿಲೀಸ್ ಇಲ್ಲ. ಅಂದರೆ ಗುರುತು ಸಿಗುವ ಮುಖವನ್ನು ಜಾಹೀರಾತಿಗೆ ಕೊಡಬೇಕಾದರೆ ಆ ವ್ಯಕ್ತಿ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು.

ಸಿಟ್ಟು ಬಂತು. ಫಾರಂ ಪ್ರಿಂಟ್ ಹಾಕಿಸಿಕೊಂಡು ಅಜ್ಜಿ ಹತ್ರ ಹೋದೆ.

"ಸೈನು ಹಾಕ್ತೀನಿ ಬಿಡಪ್ಪಾ, ಆದ್ರೆ ನನ್ನ ಫೋಟೋನ ಎಲ್ಲಿ ಹಾಕ್ತಾರೆ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಕೊಂಡವರು ಯಾರು ಅಂತ ನಮಗೇ ತಿಳಿಯೋದಿಲ್ಲ. ನಾಳೆ ಮಂಡಿನೋವಿನ ಎಣ್ಣೆ ಬಾಟಲಿ ಮೇಲೂ ಬರಬಹುದು, ಯಾವುದೋ ದೇಶದ ಬ್ಯಾಂಕಿನ ಬೋರ್ಡಿನ ಮೇಲೂ ಬರಬಹುದು.

ಸಿಗೋದಾದರೂ ಎಷ್ಟು? 2020ರ ಜೂನ್‌ನಲ್ಲಿ ಶಟರ್‌ಸ್ಟಾಕ್ ತಂದ ಲೆಕ್ಕದಲ್ಲಿ ಒಂದು ಡೌನ್‌ಲೋಡಿಗೆ ಫೋಟೋ ತೆಗೆದವರಿಗೆ ಕನಿಷ್ಠ 10 ಸೆಂಟ್. ಅಜ್ಜಿಗೆ? ಸೊನ್ನೆ.

'ಎಡಿಟೋರಿಯಲ್ ಅಂತ ಹಾಕು, ಸುದ್ದಿ-ಲೇಖನಕ್ಕೆ ಮಾತ್ರ ಬಳಸ್ತಾರೆ, ಸಹಿ ಬೇಡ' ಅಂತಾರೆ ಗೆಳೆಯರು. ನಿಯಮದ ಪ್ರಕಾರ ಸರಿಯೇ. ಆದರೆ ಕೇಳದೆ ಹಾಕೋದು ನನಗೆ ಸರಿ ಕಾಣಲ್ಲ. ಕ್ಯಾಮೆರಾ ನನ್ನದಿರಬಹುದು, ಮುಖ ಅವರದು. ಕೇಳುವಾಗಲೂ ಎಲ್ಲಾ ಬಿಡಿಸಿ ಹೇಳಿಯೇ ಕೇಳಬೇಕು.

ಫಾರಂ ಮಡಚಿ ಜೇಬಿಗೆ ಹಾಕಿಕೊಂಡೆ. ಮರುದಿನ ಫೋಟೋ ತೊಳೆಸಿ ಅಜ್ಜಿಗೆ ಕೊಟ್ಟೆ. ಒಂದು ಮೊಳ ಮಲ್ಲಿಗೆ ಪುಕ್ಕಟೆ ಸಿಕ್ಕಿತು. 10 ಸೆಂಟಿಗಿಂತ ಲಾಭವೇ :)

ನೀವಾಗಿದ್ರೆ ಏನು ಮಾಡ್ತಿದ್ರಿ?