ಗೋಡೆಯ ಮೇಲಿನ ಟೇಪು

ನಮ್ಮ ಆಗುಂಬೆ ಕಡೆಯ ಹುಡುಗಿಯೊಬ್ಬಳು ಬ್ಯಾಸ್ಕೆಟ್‌ಬಾಲ್ ಆಯ್ಕೆ ಶಿಬಿರಕ್ಕೆ ಹೋಗಿದ್ದಳು. ವಯಸ್ಸು ಹದಿಮೂರು. ಆಡುವುದು ಫಾರ್ವರ್ಡ್ ಜಾಗದಲ್ಲಿ. ಅಪ್ಪನ ಜೊತೆ ಬೆಳಗಿನ ಮೊದಲ ಬಸ್ಸು ಹಿಡಿದು, ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿಯನ್ನು ದಾರಿಯಲ್ಲೇ ತಿಂದು ಅಲ್ಲಿಗೆ ಮುಟ್ಟಿದರೆ, ಗೋಡೆಗೆ ಅಂಟಿಸಿದ ಟೇಪಿನ ಮುಂದೆ ಸಾಲು ನಿಲ್ಲಿಸಿದ್ದರು. ಅವಳ ಸರದಿ ಬಂತು. ಒಬ್ಬರು ಅಳೆದರು, ಇನ್ನೊಬ್ಬರು ಬರೆದುಕೊಂಡರು. 'ಮುಂದಿನ ವರ್ಷ ಬಾ ಪುಟ್ಟಿ, ಸ್ವಲ್ಪ ಬೆಳಿ' ಎಂದು ಕಳಿಸಿಬಿಟ್ಟರು. ಇಡೀ ದಿನದಲ್ಲಿ ಚೆಂಡು ಅವಳ ಕೈಗೆ ಬರಲೇ ಇಲ್ಲ.

ಆ ಶಿಬಿರದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಮಾತಿನಲ್ಲಿ ಕನಿಕರವೇ ಇತ್ತಂತೆ. ನನ್ನ ಜಗಳ ಇರುವುದು ಆ ಟೇಪಿನ ಜೊತೆ, ಅದನ್ನು ಆಟಕ್ಕಿಂತ ಮೊದಲು ಹಿಡಿಯುವ ಅಭ್ಯಾಸದ ಜೊತೆ.

ಎತ್ತರ ಲೆಕ್ಕಕ್ಕಿಲ್ಲ ಎನ್ನುವ ಸುಳ್ಳನ್ನು ನಾನು ಹೇಳಲಾರೆ. ರಿಂಗು ನೆಲದಿಂದ ಹತ್ತು ಅಡಿ ಮೇಲಿದೆ, ಯಾರಿಗಾಗಿಯೂ ಅದು ಕೆಳಗಿಳಿಯುವುದಿಲ್ಲ. 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂಬ ಗಾದೆ ಸನ್ಮಾನ ಸಮಾರಂಭಕ್ಕೆ ಚೆಂದ, ರಿಂಗಿನ ಕೆಳಗೆ ನಿಂತವರಿಗೆ ಅದರಿಂದ ಉಪಯೋಗವಿಲ್ಲ. ಕುಳ್ಳ ಫಾರ್ವರ್ಡ್ ಒಬ್ಬ ವೃತ್ತಿಪರ ಆಟದಲ್ಲಿ ಉಳಿಯುತ್ತಾನೋ ಇಲ್ಲವೋ ಎಂಬುದು ಗಂಭೀರ ಪ್ರಶ್ನೆ. ಅದಕ್ಕೆ ಗಾದೆಯಲ್ಲೂ ಉತ್ತರವಿಲ್ಲ, ಟೇಪಿನಲ್ಲೂ ಉತ್ತರವಿಲ್ಲ.

ಟೇಪನ್ನೇ ನಂಬುವವರು ಸತ್ನಾಮ್ ಸಿಂಗ್ ಅವರ ಕತೆಯನ್ನು ಒಮ್ಮೆ ನೆನೆಯಲಿ. ಪಂಜಾಬಿನ ಹಳ್ಳಿಯೊಂದರ ಏಳು ಅಡಿ ಎರಡು ಇಂಚಿನ ಹುಡುಗ. 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಅವರನ್ನು 52ನೆಯವರಾಗಿ ಆರಿಸಿಕೊಂಡಾಗ, ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಎಂದು ನಮ್ಮ ಪತ್ರಿಕೆಗಳು ಸಂಭ್ರಮಿಸಿದವು. ಎನ್‌ಬಿಎಯ ಒಂದೇ ಒಂದು ಲೀಗ್ ಪಂದ್ಯ ಆಡುವ ಅವಕಾಶವೂ ಅವರಿಗೆ ಸಿಗಲಿಲ್ಲ. ಮುಂದೆ ಅವರು ವೃತ್ತಿಪರ ಕುಸ್ತಿಯ ಕಡೆ ಹೋದರು. ಅವರು ಬೆವರು ಸುರಿಸಲಿಲ್ಲ ಎಂದು ಯಾರೂ ಹೇಳಲಾರರು. ಎತ್ತರವು ಮೊದಲ ಬಾಗಿಲನ್ನು ತೆಗೆಯಿತು, ಒಳಮನೆಯ ಬಾಗಿಲಿಗೆ ಬೇರೆಯದೇ ಕೀಲಿ ಬೇಕಿತ್ತು.

ಇನ್ನು ಚಾರ್ಲ್ಸ್ ಬಾರ್ಕ್ಲಿ. 1984ರಲ್ಲಿ ಎನ್‌ಬಿಎಗೆ ಬಂದಾಗ ಕಾಗದದ ಮೇಲೆ ಅವರ ಎತ್ತರ ಆರು ಅಡಿ ಆರು ಇಂಚು. ನಿಜಕ್ಕೂ ಅದಕ್ಕಿಂತ ಒಂದೆರಡು ಇಂಚು ಕಡಿಮೆಯೇ. ಪವರ್ ಫಾರ್ವರ್ಡ್ ಜಾಗಕ್ಕೆ ಇದು ಕುಳ್ಳ ದೇಹ. ಆದರೂ 1986-87ರ ಋತುವಿನಲ್ಲಿ ಪ್ರತಿ ಪಂದ್ಯದ ಸರಾಸರಿ ರೀಬೌಂಡ್‌ನಲ್ಲಿ ಇಡೀ ಲೀಗಿಗೆ ಅವರೇ ಮೊದಲಿಗರು. ಪವಾಡವೇನೂ ನಡೆದಿರಲಿಲ್ಲ. ರಿಂಗಿಗೆ ಬಡಿದ ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಿ, ಎದುರಾಳಿಗೆ ಬೆನ್ನು ಸೊಂಟ ಕೊಟ್ಟು ಅವನನ್ನು ಹಿಂದಕ್ಕೆ ಒತ್ತಿ, ಆ ಜಾಗವನ್ನು ತನ್ನದಾಗಿಸಿಕೊಳ್ಳುವುದು ಅವರ ವಿದ್ಯೆ. ಚೆಂಡಿಗಾಗಿ ಜಿಗಿಯುವ ಹೊತ್ತಿಗೆ ಅರ್ಧ ಕೆಲಸ ನೆಲದ ಮೇಲೆಯೇ ಮುಗಿದಿರುತ್ತಿತ್ತು.

ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯ ಆಯ್ಕೆ. ಆ ಜಾಗಕ್ಕೆ ಅವರೂ ಗಿಡ್ಡವೇ. ಆದರೆ ಎರಡೂ ಕೈ ಚಾಚಿದರೆ ಏಳು ಅಡಿ ದಾಟುತ್ತದೆ. ತಲೆಯ ನೆತ್ತಿಯನ್ನು ಅಳೆದವರಿಗೆ ತೋಳು ಕಾಣಲಿಲ್ಲ. ಐದು ವರ್ಷದ ನಂತರ ಅವರು ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ. ತಮಾಷೆಯೆಂದರೆ, ಆಟಗಾರರ ಎತ್ತರವನ್ನು ಶೂ ಬಿಚ್ಚಿಸಿ ಅಳೆದು ವರದಿ ಮಾಡಿ ಎಂದು ಎನ್‌ಬಿಎ ತನ್ನ ತಂಡಗಳಿಗೆ ತಾಕೀತು ಮಾಡಿದ್ದು 2019ರಲ್ಲಿ. ಅಲ್ಲಿಯವರೆಗೆ ಕಾಗದದಲ್ಲಿದ್ದ ಎಷ್ಟೋ ಇಂಚುಗಳು ಅಟ್ಟೆಯವು.

ಹಾಗಾದರೆ ಹೊಸ ಕುಳ್ಳ ಫಾರ್ವರ್ಡ್‌ನಲ್ಲಿ ನೋಡಬೇಕಾದದ್ದೇನು? ತನಗಿಂತ ಎತ್ತರದವರು ಒತ್ತಿದಾಗ ನಿಂತ ಜಾಗ ಬಿಡದೆ ನಿಲ್ಲಬಲ್ಲಳೇ? ಎದುರು ತಂಡದಲ್ಲಿ ಯಾರನ್ನು ತಡೆಯಬಲ್ಲಳು? ದೂರದಿಂದ ಚೆಂಡು ಹಾಕಿ, ರಿಂಗಿನ ಕೆಳಗೆ ಬೀಡುಬಿಟ್ಟ ಎತ್ತರದವಳನ್ನು ಹೊರಗೆಳೆಯಬಲ್ಲಳೇ? ಈ ಕೊನೆಯ ಪ್ರಶ್ನೆಗೆ ಬೆಲೆ ಬಂದದ್ದು ಮೂರು ಅಂಕದ ಗೆರೆಯಿಂದ. ಎನ್‌ಬಿಎ ಅದನ್ನು 1979ರಲ್ಲಿ ಎಳೆಯಿತು, ಅಂತಾರಾಷ್ಟ್ರೀಯ ಆಟ 1984ರಲ್ಲಿ. ಮೂರೂ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ ಆ ಮಗುವಿಗೆ ಬೇರೆ ಜಾಗ ತೋರಿಸುವುದೇ ಪ್ರಾಮಾಣಿಕತೆ. ಆದರೆ ಉತ್ತರ ಸಿಗಬೇಕಾದರೆ ಅರ್ಧ ಗಂಟೆಯಾದರೂ ಆಡಿಸಬೇಕು.

ಇಲ್ಲಿ ಕೋಚ್‌ಗಳು ಒಂದು ಮಾತು ಹೇಳುತ್ತಾರೆ: 'ಆಟ ಕಲಿಸಬಹುದು, ಎತ್ತರ ಕಲಿಸೋಕಾಗಲ್ಲ. ನೂರು ಮಕ್ಕಳು ಬರ್ತಾರೆ, ಇರೋದು ಹತ್ತು ಸೀಟು.' ಮಾತಿನಲ್ಲಿ ತೂಕವಿದೆ, ತೆಗೆದುಹಾಕುವಂತಿಲ್ಲ. ಆದರೆ ಹದಿಮೂರರಲ್ಲಿ ಅಳೆದದ್ದು ಎತ್ತರವಲ್ಲ, ಅವತ್ತಿನ ತಾರೀಖು. ಒಂದೇ ತರಗತಿಯಲ್ಲಿ ಬೆಳೆದು ಮುಗಿಸಿದವಳೂ ಇರುತ್ತಾಳೆ, ಇನ್ನೂ ಬೆಳೆಯಲು ಶುರುಮಾಡದವಳೂ ಇರುತ್ತಾಳೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ನೋಡಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದಾರೆ ಎಂದು ತೋರಿಸಿದರು. ಆಯ್ಕೆಗೆ ವಯಸ್ಸಿನ ಲೆಕ್ಕ ಜನವರಿ ಒಂದರಿಂದ. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ದೊಡ್ಡದಾಗಿ ಕಂಡದ್ದನ್ನೇ ಪ್ರತಿಭೆ ಎಂದು ತಿಳಿದು ಆರಿಸಿದರು. ಆರಿಸಿದ ಮೇಲೆ ಒಳ್ಳೆಯ ತರಬೇತಿ ಕೊಟ್ಟರು. ಹಾಗಾಗಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದರು, ಆರಿಸಿದವರು ಸರಿ ಎನಿಸಿಕೊಂಡರು.

ನಮ್ಮಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರ್ ಬಿದ್ದಿತ್ತು. ಜೂನ್‌ನಿಂದ ನಾಲ್ಕು ತಿಂಗಳು ಶಾಲೆಯ ಮೈದಾನ ಕೆಸರು ಗದ್ದೆ. ಮೇಲೆ ಸೂರಿರುವ ಅಂಕಣದಲ್ಲಿ ವರ್ಷವಿಡೀ ಆಡಿದ ಪೇಟೆಯ ಹುಡುಗಿಯ ಪಕ್ಕದಲ್ಲಿ, ವರ್ಷದಲ್ಲಿ ಎಂಟು ತಿಂಗಳು ಮಾತ್ರ ಚೆಂಡು ಮುಟ್ಟಿದವಳನ್ನು ನಿಲ್ಲಿಸಿ ಅಳೆಯುತ್ತೇವೆ. ಅಷ್ಟರಲ್ಲೇ ಅವಳು ಎಷ್ಟು ಕಲಿತಿದ್ದಾಳೆ ಎಂಬುದನ್ನು ಯಾವ ಟೇಪು ಹೇಳುತ್ತದೆ?

ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಎತ್ತರ ಐದು ಅಡಿ ಮೂರ್ನಾಲ್ಕು ಇಂಚು. 1967ರಲ್ಲಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ರನ್. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್, ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಅವತ್ತೇ ಟೇಪು ತಂದಿದ್ದರೆ ಕಾರಣ ಸುಲಭವಾಗಿ ಸಿಗುತ್ತಿತ್ತು. ಎರಡನೆಯ ಇನಿಂಗ್ಸಿನಲ್ಲಿ 137 ಹೊಡೆದರು. 1975ರಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತದ ಒಟ್ಟು 190, ಅದರಲ್ಲಿ ವಿಶ್ವನಾಥ್ ಅವರದು ಔಟಾಗದೆ 97. ಆ ಪಂದ್ಯ ಭಾರತ ಗೆದ್ದಿತು. ಎತ್ತರದ ಬ್ಯಾಟ್ಸ್‌ಮನ್‌ಗೆ ಸೊಂಟದ ಮಟ್ಟದಲ್ಲಿ ಬರುವ ಚೆಂಡು ಕುಳ್ಳನಿಗೆ ಎದೆಯ ಮಟ್ಟಕ್ಕೆ ಬರುತ್ತದೆ. ಆ ತೊಂದರೆಗೇ ಮಣಿಕಟ್ಟಿನಿಂದ ಉತ್ತರ ಹುಡುಕಿದ್ದು ಅವರ ಸ್ಕ್ವೇರ್ ಕಟ್.

'ಕ್ರಿಕೆಟ್ ಬೇರೆ, ಅಲ್ಲಿ ರಿಂಗಿಲ್ಲ' ಎನ್ನುತ್ತೀರಿ. ಸರಿ, ಬಲೆ ಇರುವ ಆಟಕ್ಕೆ ಬನ್ನಿ. ಮಲೆನಾಡಿನ ಹಳ್ಳಿಹಳ್ಳಿಯಲ್ಲಿ ರಾತ್ರಿ ದೀಪ ಹಾಕಿ ಆಡುವ ವಾಲಿಬಾಲ್ ಕೂಡ ಉದ್ದದವರ ಆಟವೇ. ಆದರೆ 1998ರಲ್ಲಿ ಅದರ ಅಂತಾರಾಷ್ಟ್ರೀಯ ಸಂಸ್ಥೆಯೇ 'ಲಿಬೆರೊ' ಎಂಬ ಜಾಗವನ್ನು ನಿಯಮವಾಗಿ ತಂದಿತು: ಬಲೆಯ ಬಳಿ ಎಗರಿ ಹೊಡೆಯಬೇಕಿಲ್ಲದ, ಹಿಂದೆ ನಿಂತು ನೆಲಕ್ಕೆ ಬೀಳುವ ಚೆಂಡನ್ನು ಎತ್ತುವ ಆಟಗಾರ. ಕುಳ್ಳರ ಮೇಲಿನ ದಯೆಯಿಂದ ಮಾಡಿದ್ದಲ್ಲ ಅದು. ಎಗರಿ ಹೊಡೆಯುವವರೇ ತುಂಬಿಕೊಂಡು, ಚೆಂಡು ಎತ್ತುವವರಿಲ್ಲದೆ ಆಟ ಸೊರಗುತ್ತಿತ್ತು.

ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' ನೋಡಿದವರಿಗೆ ಸ್ವಾಮಿಯ ಕ್ರಿಕೆಟ್ ತಂಡ ಗೊತ್ತು. ನಾರಾಯಣ್ ಅವರ ಕಾದಂಬರಿಯಲ್ಲಿ ಸ್ವಾಮಿಗೆ ಇಂಗ್ಲೆಂಡಿನ ಬೌಲರ್ ಟೇಟ್‌ನ ಹೆಸರು ಅಂಟುವುದು ಅವನ ಬೌಲಿಂಗಿನಿಂದ. ಗೋಡೆಗೆ ನಿಲ್ಲಿಸಿ ಅವನನ್ನು ಯಾರೂ ಅಳೆಯಲಿಲ್ಲ. ಹುಡುಗರು ತಾವೇ ಕಟ್ಟಿಕೊಂಡ ತಂಡಕ್ಕೆ ಇದ್ದ ಬುದ್ಧಿ ನಮ್ಮ ಆಯ್ಕೆ ಶಿಬಿರಗಳಿಗೂ ಇರಬಾರದೇ?

ಕೇಳುವುದು ಹೆಚ್ಚೇನಿಲ್ಲ. ಮೊದಲು ಆಡಿಸಿ, ಆಮೇಲೆ ಅಳೆಯಿರಿ. ಅಳೆಯುವಾಗ ತೋಳನ್ನೂ ಅಳೆಯಿರಿ, ಹುಟ್ಟಿದ ತಿಂಗಳನ್ನೂ ಬರೆದುಕೊಳ್ಳಿ. ಬೇಡವೆಂದು ಕಳಿಸುವುದಾದರೆ ಆಟದಲ್ಲಿ ಏನು ಸಾಲದು ಎಂದು ಹೇಳಿ ಕಳಿಸಿ, ಅದನ್ನು ಮಗು ಊರಿಗೆ ಹೋಗಿ ತಿದ್ದಿಕೊಳ್ಳಬಹುದು. 'ಸ್ವಲ್ಪ ಬೆಳಿ' ಎಂದರೆ ಅವಳು ಊರಿಗೆ ಹೋಗಿ ಏನು ಮಾಡಬೇಕು?

ಆ ಹುಡುಗಿ ಮುಂದಿನ ವರ್ಷ ಶಿಬಿರಕ್ಕೆ ಹೋಗಲಿಲ್ಲ. ಈಗ ಅವಳು ಎರಡು ಇಂಚು ಬೆಳೆದಿದ್ದಾಳೆ. ಚೆಂಡು ಮಾತ್ರ ಅಟ್ಟದ ಮೇಲಿದೆ.